ಹದಿನೆಂಟನೆಯ ಕೌದಿ

ಮೊನ್ನೆ ಮೊಮ್ಮಗಳಿಗೆ ಚಪ್ಪಲಿ ಕೊಳ್ಳಲೆಂದು ಕಮ್ಮನಹಳ್ಳಿಯ ಮೇನ್ ರೋಡಿಗೆ ಹೋದವಳು ಚಪ್ಪಲಿ ಅಂಗಡಿಯ ಪಕ್ಕದ ಬಾಗಿಲಲ್ಲಿ ನಿಂತುಬಿಟ್ಟೆ. ಕೈಯಲ್ಲಿ ಹೊಲಿದ ಕೌದಿಗಳನ್ನು ಅಲ್ಲಿ ಸಾಲಾಗಿ ತೂಗುಹಾಕಿದ್ದರು. ಬಿಸಿಲಿಗೆ ಹರಡಿ ಆಗತಾನೇ ಒಳಗೆ ತಂದಿದ್ದಿರಬೇಕು. ಹಳೆಯ ಹತ್ತಿಬಟ್ಟೆ ಬಿಸಿಲಲ್ಲಿ ಕಾದಾಗ ಬರುವ ವಾಸನೆ, ಸ್ವಲ್ಪ ಗಂಜಿಯದು, ಸ್ವಲ್ಪ ಮನುಷ್ಯರ ಮೈಯದು, ಮೂಗಿಗೆ ಬಡಿಯಿತು. ಒಂದೊಂದು ಕೌದಿಯ ಮೂಲೆಗೂ ಒಂದೊಂದು ಚೀಟಿ ಕಟ್ಟಿತ್ತು. ಹೊಲಿದವರು ಯಾರು, ಯಾವ ಊರು, ಎಷ್ಟು ದಿನ ಹಿಡಿಯಿತು ಎಂದೆಲ್ಲ. "ಪ್ರತಿಯೊಂದಕ್ಕೂ ಒಂದ್ ಸ್ಟೋರಿ ಇದೆ ಆಂಟಿ, ಓದಿ ನೋಡಿ" ಎಂದಳು ಅಂಗಡಿಯ ಹುಡುಗಿ. ನಾನು ಓದಲಿಲ್ಲ. ಕೌದಿಗಳ ಕಥೆ ಬರೆದಿಡುವ ಕೆಲಸವನ್ನು ಒಂದು ಕಾಲಕ್ಕೆ ನಾನೂ ಮಾಡಿದ್ದೇನೆ. ಚಪ್ಪಲಿಯನ್ನೂ ಕೊಳ್ಳದೆ ಆಟೋ ಹತ್ತಿ ಕಲ್ಯಾಣ ನಗರದ ಮನೆಗೆ ಬಂದುಬಿಟ್ಟೆ.

ಅದು ಅರವತ್ತೊಂಬತ್ತರ ಚಳಿಗಾಲ. ನನಗೆ ಆಗ ಹತ್ತೊಂಬತ್ತು ವರ್ಷ. ಹಲಸೂರಿನ ಬಜಾರ್ ರಸ್ತೆಯ ಹಿಂದೆ ಆರು ಮನೆಗಳ ಒಂದು ವಠಾರದಲ್ಲಿ ನಾವಿದ್ದೆವು. ಅಪ್ಪನಿಗೆ ಕೃಷ್ಣರಾಜಪುರದ ಕಡೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಬೆಳಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಸಂಜೆ ಐದರ ಹೊತ್ತಿಗೆ ಇಳಿಯುತ್ತಿದ್ದರು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಜೊತೆಗೆ ಅಪ್ಪನ ಅಕ್ಕ ಕಾವೇರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದ ಅತ್ತೆಗೆ ಆ ವೇಳೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ನನಗೊಬ್ಬ ತಮ್ಮನಿದ್ದ, ಗಿರಿ. ನನಗೆ ಹತ್ತು ವರ್ಷವಾಗಿದ್ದಾಗ, ಅವನಿಗಿನ್ನೂ ಮೂರು ತುಂಬುವ ಮೊದಲೇ, ಗಂಟಲುಮಾರಿ ಬಂದು ತೀರಿಕೊಂಡ. ಅದೇ ದಿನ ಅವನ ಅಂಗಿ, ಚಡ್ಡಿ, ಕುಲಾವಿ, ತೊಟ್ಟಿಲಿಗೆ ಹಾಸುತ್ತಿದ್ದ ಬಟ್ಟೆ ಎಲ್ಲವನ್ನೂ ಅತ್ತೆ ಗಂಟು ಕಟ್ಟಿ ಅವನ ಜೊತೆಗೇ ಮಣ್ಣಿಗೆ ಕಳಿಸಿಬಿಟ್ಟರು. ಹೋದ ಮಗುವಿನ ಬಟ್ಟೆ ಮನೆಯಲ್ಲಿ ಉಳಿದರೆ ಮುಂದೆ ಹುಟ್ಟುವ ಮಗು ಉಳಿಯುವುದಿಲ್ಲ ಎಂದು ನಮ್ಮವರ ನಂಬಿಕೆ. ಅವನ ಹೆಸರು ಎತ್ತುವುದನ್ನೂ ಎಲ್ಲರೂ ಬಿಟ್ಟರು. ಆಮೇಲೆ ಅಮ್ಮ ಎರಡು ಸಲ ಬಸಿರಾದಳು. ಮೊದಲನೆಯದು ಐದನೇ ತಿಂಗಳಿಗೆ ಹೋಯಿತು. ಎರಡನೆಯದು ದಿನ ತುಂಬಿ ಹುಟ್ಟಿತು, ಆದರೆ ಅಳಲೇ ಇಲ್ಲ. ಅಲ್ಲಿಂದ ಮುಂದೆ ಮನೆಯಲ್ಲಿ ಮಗುವಿನ ಮಾತೇ ನಿಂತುಹೋಯಿತು.

ನಾನು ಕಾಲೇಜಿನಲ್ಲಿ ಹೋಮ್ ಸೈನ್ಸ್ ಓದುತ್ತಿದ್ದೆ. ಆ ವರ್ಷ ನಮ್ಮ ಮೇಡಂ ಒಂದು ರೆಕಾರ್ಡ್ ಬರೆಯಲು ಹೇಳಿದರು. ಮನೆಯಲ್ಲೇ ಕೈಯಿಂದ ತಯಾರಾಗುವ ಯಾವುದಾದರೂ ಒಂದು ವಸ್ತುವನ್ನು ಹಿಡಿದು, ಅದನ್ನು ಹೇಗೆ ಮಾಡುತ್ತಾರೆ, ಏನೇನು ಹಾಕುತ್ತಾರೆ ಎಂದು ದಿನವೂ ಬರೆದುಕೊಂಡು ಹೋಗಬೇಕು, ಮಾದರಿ ಅಂಟಿಸಬೇಕು. ಒಬ್ಬಳು ಉಪ್ಪಿನಕಾಯಿ ತೆಗೆದುಕೊಂಡಳು, ಇನ್ನೊಬ್ಬಳು ಕಸೂತಿ. ನಾನು ಕೌದಿ ಎಂದೆ. ನಮ್ಮ ವಠಾರದಲ್ಲಿ ಅಮ್ಮನಷ್ಟು ಚೆನ್ನಾಗಿ ಕೌದಿ ಹೊಲಿಯುವವರು ಇರಲಿಲ್ಲ. ಬಾಣಂತಿಗೆ, ಮದುವೆಗೆ, ಹಾಸ್ಟೆಲಿಗೆ ಹೊರಟ ಹುಡುಗನಿಗೆ, ಯಾರಿಗೆ ಬೇಕಾದರೂ ಹಳೆಯ ಸೀರೆಗಳನ್ನು ಹೊತ್ತುಕೊಂಡು ನಮ್ಮನೆಗೇ ಬರುತ್ತಿದ್ದರು. ಪುಸ್ತಕಕ್ಕೆ ಅಪ್ಪ ಹಸಿರು ರಟ್ಟು ಹಾಕಿಕೊಟ್ಟರು.

ಚಳಿಗಾಲದ ಬೆಳಗ್ಗೆ ಅಡಿಗೆ ಮುಗಿಸಿ ಅಮ್ಮ ವಠಾರದ ಅಂಗಳದ ಬಿಸಿಲಿಗೆ ಬರುವಳು. ಕೆಳಗೆ ಒಂದು ಸೀರೆ ಹರಡಿ ನಾಲ್ಕು ಮೂಲೆಗೂ ಕಲ್ಲು ಇಡುವಳು. ಅದರ ಮೇಲೆ ಹಳೆಯ ಪಂಚೆ, ದುಪ್ಪಟಿ, ಲಂಗದ ಬಟ್ಟೆಗಳನ್ನು ಸುಕ್ಕಿಲ್ಲದ ಹಾಗೆ ಕೈಯಿಂದ ಸವರಿ ಸವರಿ ಹಾಸಿ, ಮೇಲೆ ಇನ್ನೊಂದು ಸೀರೆ. ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿನತ್ತ ಹೊಲಿಗೆ ಹೋಗುತ್ತಿತ್ತು. ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು. ಒಳಗೆ ಹಾಕುವ ರವಿಕೆ, ಅಂಗಿ ಯಾವುದೇ ಇರಲಿ, ಮೊದಲು ಹೊಲಿಗೆ ಬಿಚ್ಚಿ ಬಿಡಿಸಿ ಚಪ್ಪಟೆ ಮಾಡಿಯೇ ಹಾಕಬೇಕು. ಇಲ್ಲದಿದ್ದರೆ ಗಂಟು ಒತ್ತುತ್ತದೆ, ಮಲಗಿದವರಿಗೆ ನಿದ್ದೆ ಬರುವುದಿಲ್ಲ ಎನ್ನುವಳು. ಇದನ್ನು ನಾನು ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ.

ಹೊಲಿಗೆ ಅಮ್ಮನದಾದರೆ ಬಟ್ಟೆಯ ಚರಿತ್ರೆಯೆಲ್ಲ ಅತ್ತೆಯದು. ಕಣ್ಣು ಕಾಣದಿದ್ದರೇನು, ಬೆರಳಿಗೆ ಸಿಕ್ಕಿದರೆ ಸಾಕು, ಯಾವ ಸೀರೆ ಯಾರ ಮದುವೆಗೆ ಕೊಂಡದ್ದು, ಯಾವ ಪಂಚೆ ಯಾರು ಉಡುಗೊರೆ ಮಾಡಿದ್ದು ಎಂದು ಹೇಳಿಬಿಡುತ್ತಿದ್ದರು. ಹಾಗಾಗಿ ನಾನು ಒಂದು ಪದ್ಧತಿ ಮಾಡಿಕೊಂಡೆ. ಕೌದಿಯನ್ನು ಅಳೆದು, ಪದರ ಎಣಿಸಿ, ಬಣ್ಣ ಬರೆದು, ಅಂಚಿನಿಂದ ಒಂದು ಚೂರು ಕತ್ತರಿಸಿ ಮೈದಾ ಅಂಟಿನಲ್ಲಿ ಅಂಟಿಸಿ, ಆಮೇಲೆ ಆ ಪುಟವನ್ನು ಅತ್ತೆಗೆ ಓದಿ ಹೇಳುವುದು. ಅವರು ಹತ್ತಿಯಲ್ಲಿ ಹೂಬತ್ತಿ ಹೊಸೆಯುತ್ತ ಕೇಳಿ, "ಹೂಂ, ಆ ಅರಿಶಿನದ್ದು ನಮ್ಮಮ್ಮಂದು ಕಣೇ" ಎನ್ನುವರು. ನಾನು ಬರೆದುಕೊಳ್ಳುವೆ. ನಮ್ಮಿಬ್ಬರಿಗೂ ಅದರಲ್ಲಿ ಬಹಳ ಖುಷಿಯಿತ್ತು. ಆ ಚಳಿಗಾಲದ ಮೊದಲ ತಿಂಗಳಷ್ಟು ಸಂತೋಷವಾಗಿ ನಮ್ಮ ಮನೆ ಗಿರಿ ಹೋದಮೇಲೆ ಯಾವತ್ತೂ ಇರಲಿಲ್ಲ.

ಶಿವಾಜಿನಗರದಲ್ಲಿ ದರ್ಜಿ ಅಂಗಡಿಗಳ ಚಿಂದಿ ಮಾರುವ ಮೆಹಬೂಬ್ ಬಿ ಎಂಬ ಮುದುಕಿಯ ಹತ್ತಿರವೂ ಅಮ್ಮನ ಜೊತೆ ಹೋಗಿದ್ದೆ. ಆಕೆಯೂ ಕೌದಿ ಹೊಲಿಯುತ್ತಿದ್ದಳು, ಅದನ್ನು ಗೋದಡಿ ಎನ್ನುತ್ತಿದ್ದಳು. ನಾನು ಆಕೆಯ ಹಾಸಿಗೆಯ ಗೋದಡಿಯ ಅಂಚು ಬಿಡಿಸಿ ಒಳಗೇನಿದೆ ಎಂದು ಇಣುಕಲು ಹೋದೆ. ಆಕೆ ನನ್ನ ಕೈ ಮೇಲೆ ಪಟ್ಟೆಂದು ಹೊಡೆದಳು. "ಅರೆ, ಗೋದಡಿ ಹೊಟ್ಟೆ ಬಿಚ್ಬಾರ್ದು ಬೇಟಿ! ನಕ್ಕೋ! ಒಳ್ಗೆ ಏನಿದೆ ಹೊಲ್ದೋಳ್ಗೆ ಗೊತ್ತು, ಅಲ್ಲಾಗೆ ಗೊತ್ತು, ಬಸ್." ಅಮ್ಮ ನಕ್ಕಳು. ಆದರೆ ಬಸ್ ಸ್ಟ್ಯಾಂಡಿನವರೆಗೂ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು. ನಾನು ಮನೆಗೆ ಬಂದು ಮೆಹಬೂಬ್ ಬಿಯ ಮಾತನ್ನು ಚೆಂದವಾಗಿ ಬರೆದುಕೊಂಡೆ. ಬರೆದುಕೊಂಡೆನೇ ಹೊರತು ಕೇಳಿಸಿಕೊಳ್ಳಲಿಲ್ಲ.

ಡಿಸೆಂಬರ್ ಮುಗಿಯುವ ಹೊತ್ತಿಗೆ ಹದಿನೇಳು ಕೌದಿಗಳಾದವು, ನಮ್ಮವೂ ವಠಾರದವೂ ಸೇರಿ. ಹದಿನೆಂಟನೆಯದು ಅಮ್ಮನ ಹಾಸಿಗೆಯ ಮೇಲಿನ ಹಸಿರು ಕೌದಿ. ಅದನ್ನು ಅವಳು ಬಂದ ನೆಂಟರಿಗೆ ಹಾಸುತ್ತಿರಲಿಲ್ಲ. ಒಗೆಯುವಾಗ ಕಲ್ಲಿಗೆ ಬಡಿಯದೆ ಕೈಯಲ್ಲೇ ಹಿಂಡುತ್ತಿದ್ದಳು. ನಾನು ಪುಸ್ತಕದ ವಿಷಯಸೂಚಿಯಲ್ಲಿ "೧೮. ಹಸಿರು ಕೌದಿ, ಹಳೆಯದು" ಎಂದು ಮೊದಲೇ ಬರೆದಿಟ್ಟು ಅಮ್ಮನನ್ನು ಕೇಳಿದೆ.

"ಅಮ್ಮ, ಹಸಿರ್ದೊಂದು ಉಳ್ಕೊಂಡಿದೆ. ನಾಳೆ ಬರ್ಕೊಳ್ಲಾ?"

"ಅದ್ರಲ್ಲೇನ್ ಮಹಾ ಇದೆ ಅಂತ? ಹರಿದೋಗಿರೋದು. ಹದಿನೇಳಾಯ್ತಲ್ಲ, ಸಾಕ್ ಬಿಡು."

"ಹಳೇದೇ ಮುಖ್ಯ ಅಂತಾರೆ ನಮ್ ಮೇಡಂ."

"ನಿಮ್ ಮೇಡಂಗೆ ಬೇರೆ ಕೆಲ್ಸ ಇಲ್ವಾ? ಅದೊಂದ್ ಬೇಡ ಸುಶೀ."

ನನ್ನ ಯಾವ ಆಸೆಗೂ ಬೇಡ ಎಂದವಳಲ್ಲ ಅಮ್ಮ. ಅಷ್ಟರಿಂದಲೇ ನನಗೆ ತಿಳಿಯಬೇಕಿತ್ತು. ಆದರೆ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವಳು ನಾನಲ್ಲ. ಇದನ್ನು ದೊಡ್ಡ ಗುಣವೆಂದು ಎಲ್ಲರೂ ಹೊಗಳುತ್ತಲೇ ಬಂದಿದ್ದಾರೆ.

ಎರಡು ದಿನ ಕಳೆದು ಅಮ್ಮ ಅವರೆಕಾಯಿ ತರಲೆಂದು ಕೃಷ್ಣರಾಜಪುರದ ಸಂತೆಗೆ ಹೋದಳು. ಸೊಗಡಿನ ಅವರೆ ಬೇಕೆಂದರೆ ಅಲ್ಲಿಗೇ ಹೋಗಬೇಕು ಎಂಬುದು ಅವಳ ಹಟ. ಅವಳು ಹೊರಟದ್ದೇ ತಡ, ಹಸಿರು ಕೌದಿಯನ್ನು ಅಂಗಳದ ಹಗ್ಗದ ಮೇಲೆ ಹಾಕಿದೆ. ಹಿಂದಿನಿಂದ ಬಿಸಿಲು ಬಿತ್ತು. ಸವೆದ ಸೀರೆಯ ಒಳಗೆ, ಎದೆಯ ಮಟ್ಟದಲ್ಲಿ, ಒಂದು ಪುಟ್ಟ ಅಂಗಿ ಎರಡೂ ತೋಳು ಚಾಚಿಕೊಂಡಿರುವುದು ಕಂಡಿತು. ಬಿಚ್ಚಿಲ್ಲ, ಬಿಡಿಸಿಲ್ಲ, ಇಡಿಯಾಗಿಯೇ ಇಟ್ಟು ಹೊಲಿದಿದ್ದಳು. ಅಮ್ಮನಂಥ ಅಮ್ಮ ಇಂಥ ತಪ್ಪು ಮಾಡಿದ್ದಾಳಲ್ಲ ಎಂದು ನನಗೆ ಆಶ್ಚರ್ಯ, ಅದನ್ನು ನಾನು ಕಂಡುಹಿಡಿದೆನಲ್ಲ ಎಂದು ಹೆಮ್ಮೆ. ಬ್ಲೇಡಿನಲ್ಲಿ ನಾಲ್ಕು ಬೆರಳಗಲ ಹೊಲಿಗೆ ಬಿಚ್ಚಿದೆ. ನೀಲಿ ಚೌಕಳಿ ಬಟ್ಟೆ. ಅಂಗಿಯ ಕೆಳಗಿನ ಅಂಚಿನಿಂದ ಹುಣಸೆಬೀಜದಷ್ಟು ಚೂರು ಕತ್ತರಿಸಿ ಪುಟದ ಮೂಲೆಗೆ ಅಂಟಿಸಿದೆ.

ಗೊತ್ತಿರಲಿಲ್ಲವೇ ಎಂದು ನನ್ನನ್ನು ನಾನೇ ಐವತ್ತು ವರ್ಷದಿಂದ ಕೇಳಿಕೊಂಡಿದ್ದೇನೆ. ಎಲ್ಲೋ ನೋಡಿದ ಬಟ್ಟೆ ಅನ್ನಿಸಿದ್ದು ನಿಜ. ಆ ಕೌದಿಯನ್ನು ಅಮ್ಮ ಹೊಲಿದದ್ದು ಗಿರಿ ಹೋದ ವರ್ಷದ ಚಳಿಯಲ್ಲಿ ಎಂಬುದೂ ನೆನಪಿತ್ತು. ಎರಡನ್ನೂ ಸೇರಿಸಿ ನೋಡಲು ಒಂದು ಗಳಿಗೆ ಸಾಕಿತ್ತು. ಬರೆಯುವ ಅವಸರದಲ್ಲಿ ಆ ಗಳಿಗೆಯನ್ನು ನಾನು ಕೊಡಲಿಲ್ಲ.

ಎಂದಿನಂತೆ ಕೌದಿಯನ್ನೂ ಪುಸ್ತಕವನ್ನೂ ಒಳಗೆ ತಂದು ಅತ್ತೆಯ ಮುಂದೆ ಕೂತು ಓದಿದೆ. "ಒಳಪದರ ಎರಡು. ಒಂದು ಬಿಳಿ ಪಂಚೆ. ಇನ್ನೊಂದು ಮಗುವಿನ ತೋಳಿನಂಗಿ, ಹೊಲಿಗೆ ಬಿಚ್ಚದೆ ಇಡಿಯಾಗಿ ಇಟ್ಟಿದೆ. ನೀಲಿ ಚೌಕಳಿ. ಮೊಳಕೈ ಹತ್ತಿರ ಬಿಳಿ ದಾರದ ತೇಪೆ." ಓದಿ ಮುಗಿಸಿ ಕೇಳಿದೆ, "ಇದು ಯಾರ್ದತ್ತೆ? ನಂದಾ?"

ಅತ್ತೆಯ ಕೈಯಲ್ಲಿ ಬತ್ತಿ ನಿಂತಿತು. "ಇನ್ನೊಂದ್ಸಲ ಓದು" ಎಂದರು. ಓದಿದೆ. "ಕೌದಿ ತಾ ಇಲ್ಲಿ."

ನಾನು ಬಿಚ್ಚಿದ್ದ ಕಡೆಯಿಂದ ಅವರು ಬೆರಳು ತೂರಿಸಿ ತಡಕಿದರು. ತೇಪೆ ಸಿಕ್ಕಿತು. "ಕಮರ್ಷಿಯಲ್ ಸ್ಟ್ರೀಟಲ್ಲಿ ನಾನೇ ತಂದಿದ್ದು ಈ ಬಟ್ಟೆ. ಈ ತೇಪೆ ಹಾಕಿದ್ದೂ ನಾನೇ. ನಮ್ ಗಿರೀದು" ಎಂದರು. ಒಂಬತ್ತು ವರ್ಷಗಳಲ್ಲಿ ಆ ಹೆಸರು ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಅಂಗಿಯ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ಕೂತರು. ಕಣ್ಣಿಂದ ನೀರು ಇಳಿಯುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಎಲ್ಲರೂ ಕೂತು ಅತ್ತು ಹಗುರಾಗುತ್ತಿದ್ದೆವೋ ಏನೋ. ಆದರೆ ಅವರ ಮುಖ ನಿಧಾನವಾಗಿ ಬದಲಾಯಿತು.

"ಅದಕ್ಕೇ" ಎಂದರು. "ಅದಕ್ಕೇ ಎರಡೂ ಉಳೀಲಿಲ್ಲ."

"ಅತ್ತೆ, ನಾನು ಹೊಲ್ದಿಟ್ಬಿಡ್ತೀನಿ. ಅಮ್ಮಂಗೆ ಏನೂ ಅನ್ಬೇಡಿ, ನಿಮ್ ಕಾಲಿಗ್ ಬೀಳ್ತೀನಿ" ಎಂದೆ.

"ಏನ್ ಹೊಲ್ದಿಡ್ತೀಯೇ? ಬಸ್ರಿ ಹೆಂಗಸು ಒಂಬತ್ತೂ ತಿಂಗ್ಳು ಇದ್ರ ಮೇಲೆ ಮಲಗಿದಾಳಲ್ಲೇ!"

ಮಧ್ಯಾಹ್ನ ಎರಡರ ಹೊತ್ತಿಗೆ ಅಮ್ಮ ಅವರೆಕಾಯಿಯ ಚೀಲ ಹೊತ್ತು ಒಳಗೆ ಬಂದಳು. ಅತ್ತೆಯ ತೊಡೆಯ ಮೇಲೆ ಕೌದಿ, ನನ್ನ ಮುಂದೆ ತೆರೆದ ಪುಸ್ತಕ. ಅವಳ ಕಣ್ಣು ಮೊದಲು ಕೌದಿಯ ಮೇಲೆ ಬಿತ್ತು, ಆಮೇಲೆ ಪುಟದ ಮೂಲೆಯಲ್ಲಿ ಇನ್ನೂ ಒಣಗದ ನೀಲಿ ಚೂರಿನ ಮೇಲೆ. ಚೀಲವನ್ನು ಬಾಗಿಲಲ್ಲೇ ಇಳಿಸಿದಳು.

"ರುಕ್ಕು, ನೀನೇನಾ ಇಟ್ಟಿದ್ದು?" ಎಂದರು ಅತ್ತೆ.

"ಹೂಂ ಅಕ್ಕ."

"ಎಲ್ಲಾ ಕಳಿಸಿದ್ನಲ್ಲೇ ನಾನು."

"ಇದೊಂದು ಬಚ್ಚಲಲ್ಲಿ ನೆನೆ ಹಾಕಿದ್ದೆ. ನಿಮಗ್ ಕಾಣ್ಲಿಲ್ಲ. ಸಂಜೆ ನೋಡ್ದೆ. ಎಸೆಯೋಕೆ ಕೈ ಬರ್ಲಿಲ್ಲ ಅಕ್ಕ."

"ಮೊದಲ್ನೇದು ಹೋದಾಗಾದ್ರೂ ಹೇಳ್ಬಾರ್ದಾಗಿತ್ತಾ? ಒಂದ್ ಅಂಗಿಗೋಸ್ಕರ ಎರಡ್ ಜೀವ ಕೊಟ್ಯಲ್ಲೇ ರುಕ್ಕು!"

ಅಮ್ಮ ಜಗಳವಾಡುತ್ತಾಳೆ ಎಂದು ಕಾದೆ. ಹೊರಗೆ ಹೋಗಿ ಅಳುತ್ತಾಳೆ ಎಂದು ಕಾದೆ. ಅವಳು ಚೀಲದ ಪಕ್ಕದಲ್ಲೇ ಗೋಡೆಗೊರಗಿ ಕೂತಳು. ಆ ಮಾತನ್ನು ಅವಳು ನಂಬಿದಳೆಂದು ನನಗೆ ಅವಳ ಮುಖ ನೋಡಿದ ಕೂಡಲೇ ತಿಳಿಯಿತು. ಬಹುಶಃ ಒಳಗೊಳಗೇ ಎಷ್ಟೋ ವರ್ಷದಿಂದ ಅವಳೇ ಅದನ್ನು ಅಂದುಕೊಂಡಿದ್ದಳು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಅಪ್ಪ ಬಂದಾಗ ಅತ್ತೆ ಹೇಳಿದರು. ಅಪ್ಪ ಕೂಗಾಡುವ ಮನುಷ್ಯರಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು, ಮತ್ತೆ ಹೋಗಿ ಇನ್ನೊಂದು ಸಲ ತೊಳೆದು ಬಂದರು. "ಹೊತ್ತು ಮುಳುಗೋಕ್ ಮುಂಚೆ ಮುಗಿಸ್ಬಿಡ್ತೀನಿ" ಎಂದು ಸೈಕಲ್ ತೆಗೆದರು. ನಾನು "ಬೇಡ ಅಪ್ಪ" ಎಂದು ಅಡ್ಡ ನಿಂತೆ. "ನೀನ್ ಸುಮ್ನಿರು, ನೀನ್ ಮಾಡಿದ್ದು ಸಾಕು" ಎಂದರು. ಅವರು ನನಗೆ ಹಾಗೆ ಅಂದದ್ದು ಜೀವಮಾನದಲ್ಲಿ ಅದೊಂದೇ ಸಲ.

"ಒಂದ್ನಿಮಿಷ ರೀ" ಎಂದಳು ಅಮ್ಮ. ಬಿಸ್ಕತ್ತಿನ ಡಬ್ಬಿಯಿಂದ ಸೂಜಿ ತೆಗೆದು ದಾರ ಪೋಣಿಸಿ, ನಾನು ಬಿಚ್ಚಿದ್ದ ನಾಲ್ಕು ಬೆರಳಗಲವನ್ನು ಹೊಲಿದಳು. ಎಣಿಸುವ ಚಟ ಹತ್ತಿಸಿಕೊಂಡಿದ್ದ ನಾನು ಆಗಲೂ ಎಣಿಸಿದೆ. ಹದಿನಾರು ಹೊಲಿಗೆ, ಎಲ್ಲವೂ ಅಕ್ಕಿಕಾಳಿನಷ್ಟು, ಒಂದೂ ವಾರೆಯಾಗಲಿಲ್ಲ. ಹಲ್ಲಿನಿಂದ ದಾರ ಕಡಿದು, ಕೌದಿಯನ್ನು ಮಡಚಿ, ಸೈಕಲ್ಲಿನ ಕ್ಯಾರಿಯರಿಗೆ ಜಾರದ ಹಾಗೆ ಹುರಿಯಿಂದ ತಾನೇ ಕಟ್ಟಿಕೊಟ್ಟಳು. ಗಿರಿಯನ್ನು ಹೂತಿದ್ದ ಸ್ಮಶಾನದಲ್ಲೇ ಅಪ್ಪ ಅದನ್ನು ಸುಟ್ಟು ಬಂದರು. ಬಾಗಿಲ ಹೊರಗೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು "ಆಯ್ತು" ಎಂದರು. ಅವರೆಕಾಯಿಯನ್ನು ಯಾರೂ ಸುಲಿಯಲಿಲ್ಲ. ಚೀಲದಲ್ಲೇ ಕೊಳೆತು ವಾಸನೆ ಬಂದಮೇಲೆ ನಾನು ತಿಪ್ಪೆಗೆ ಹಾಕಿ ಬಂದೆ.

ಮಾರನೆಯ ಬೆಳಗ್ಗೆ ಹಂಡೆಯ ಒಲೆ ಹೊತ್ತಿಸಿದವಳು ಪುಸ್ತಕದಿಂದ ಹದಿನೆಂಟನೆಯ ಪುಟ ಹರಿದು ಬೆಂಕಿಗೆ ಹಾಕಿದೆ. ಹಾಳೆ ಬೇಗ ಉರಿಯಿತು, ಅಂಟು ಹಚ್ಚಿದ್ದ ಬಟ್ಟೆಯ ಚೂರು ಸ್ವಲ್ಪ ಹೊತ್ತು ಹಿಡಿಯಿತು. ನಾನು ಮಾಡಿದ ತಪ್ಪಿನ ಗುರುತು ಮನೆಯಲ್ಲಿ ಉಳಿಯಬಾರದು, ಅಮ್ಮನ ಕಣ್ಣಿಗೆ ಬೀಳಬಾರದು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ವಿಷಯಸೂಚಿಯಲ್ಲಿದ್ದ ಪುಟ ಎಲ್ಲಿ ಎಂದು ಮೇಡಂ ಕೆಂಪು ಶಾಯಿಯಲ್ಲಿ ಬರೆದರಾದರೂ ಒಳ್ಳೆಯ ಅಂಕವನ್ನೇ ಕೊಟ್ಟರು. ಪುಸ್ತಕವನ್ನು ಮಾದರಿಯೆಂದು ಡಿಪಾರ್ಟ್‌ಮೆಂಟಿನ ಗಾಜಿನ ಬೀರುವಿನಲ್ಲಿ ಇಟ್ಟುಕೊಂಡರು. ಅದನ್ನು ಮನೆಯಲ್ಲಿ ಹೇಳಿದಾಗ ಅಮ್ಮ ಮಾತ್ರ "ಅಲ್ಲೇ ಇರತ್ತಾ ಅದು?" ಎಂದು ಕೇಳಿದಳು. ಹೌದು ಎಂದೆ.

ಅಮ್ಮ ಮತ್ತೆ ಸೂಜಿ ಹಿಡಿಯಲಿಲ್ಲ. ಗುಂಡಿ ಹೊಲಿಯುವುದಿದ್ದರೂ ನನಗೇ ಕೊಡುತ್ತಿದ್ದಳು. ಹಳೆಯ ಸೀರೆಗಳು ಪೆಟ್ಟಿಗೆಯಲ್ಲಿ ತುಂಬಿಕೊಂಡಾಗ ಸ್ಟೀಲ್ ಪಾತ್ರೆಯವಳಿಗೆ ಹಾಕಿ ಡಬರಿ ತೆಗೆದುಕೊಂಡಳು. ಮನೆಯ ಕೌದಿಗಳನ್ನು ಒಂದೊಂದಾಗಿ ಕೊಟ್ಟುಬಿಟ್ಟು ಬಜಾರಿನ ರಗ್ಗು ಹೊದೆಯತೊಡಗಿದಳು. ಒಂದು ದಿನ ಅಕ್ಕಿ ಆರಿಸುತ್ತ ಕೇಳಿದಳು, "ಸುಶೀ, ನೀನು ಸೈನ್ಸ್ ಓದಿದೀಯಲ್ಲ. ಅದ್ರಿಂದ್ಲೇನಾ ಎರಡೂ ಹೋಗಿದ್ದು?" ಬಟ್ಟೆಗೂ ಬಸಿರಿಗೂ ಏನೂ ಸಂಬಂಧವಿಲ್ಲ ಎಂದು ಗಂಟೆಗಟ್ಟಲೆ ವಿವರಿಸಿದೆ. ಕೊಳ್ಳುವ ಮನಸ್ಸಿಲ್ಲದ ಸಾಮಾನಿನ ಬೆಲೆ ಕೇಳುವವರ ಹಾಗೆ ಕೇಳಿಸಿಕೊಂಡಳು. ಮತ್ತೆ ಆರು ತಿಂಗಳಿಗೆ ಅದನ್ನೇ ಕೇಳಿದಳು. ಅತ್ತೆ ಸಾಯುವ ಮುಂಚೆ ನನ್ನ ಕೈ ಹಿಡಿದು "ಹಂಗನ್ಬಾರ್ದಿತ್ತು ಕಣೇ ನಾನು" ಎಂದರು. ಅಮ್ಮನಿಗೆ ಹೇಳಿ ಅತ್ತೆ ಎಂದೆ. ಅವರು ಹೇಳಲಿಲ್ಲ.

ಎಂಟು ವರ್ಷ ಕಳೆಯಿತು. ನನಗೆ ಮದುವೆಯಾಗಿ ಬೆನ್ಸನ್ ಟೌನಿನ ಒಂದು ಔಟ್‌ಹೌಸಿನಲ್ಲಿ ಸಂಸಾರ ಹೂಡಿದ್ದೆ. ಅಮ್ಮನಿಗೆ ಎದೆಯ ಕಾಯಿಲೆ. ಭಾನುವಾರ ಬೆಳಗ್ಗೆ ಹಲಸೂರಿಗೆ ಹೋಗಿ ತಲೆ ಬಾಚಿ, ಬಿಸಿಲು ಬೀಳುವ ಕಡೆಗೆ ಮಂಚ ಎಳೆದು ಬರುತ್ತಿದ್ದೆ. ಅಂಥ ಒಂದು ಭಾನುವಾರ, ಅಪ್ಪ ಹಾಲಿಗೆ ಹೋಗಿದ್ದಾಗ, ಅಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಕೇಳಿದಳು.

"ನಿನ್ ಪುಸ್ತಕ ಇನ್ನೂ ಕಾಲೇಜಲ್ಲೇ ಇದ್ಯಾ?"

"ಯಾವ್ದಮ್ಮ?"

"ಕೌದೀದು. ಕೊನೇ ಹಾಳೇಲಿ ನೀಲಿ ಚೂರು ಅಂಟ್ಸಿದ್ಯಲ್ಲ, ನೋಡಿದ್ದೆ ನಾನವತ್ತು. ಅದನ್ನ ಕೇಳ್ಕೊಂಡು ತರಕ್ಕಾಗತ್ತಾ? ಮನೆಯೊಳಗ್ ಬೇಡ. ಹೊರಗೆ ಅಂಗಳದಲ್ಲೇ ಒಂದ್ಸಲ ಮುಟ್ಟಿ ವಾಪಸ್ ಕೊಟ್ಬಿಡ್ತೀನಿ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದಳು. "ಅದೊಂದಾದ್ರೂ ಇದ್ಯಲ್ಲ ಅಂದ್ಕೊಂಡೇ ಇದೀನಿ ಇಷ್ಟ್ ವರ್ಷ. ಮನೇಲಿಲ್ಲ, ಯಾರ್ಗೂ ತೊಂದ್ರೆ ಇಲ್ಲ. ಆದ್ರೆ ಇದೆ."

ಇದೆ ಅಮ್ಮ, ತರ್ತೀನಿ ಎಂದು ಸುಳ್ಳು ಹೇಳಬಹುದಿತ್ತು. ಅವಳಿಗೆ ಉಳಿದಿದ್ದದ್ದು ಮೂರೇ ವಾರ, ಆ ಸುಳ್ಳು ಅಷ್ಟು ದಿನ ಬಾಳುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸುವ ನನ್ನ ಹಾಳು ಬುದ್ಧಿ ಬಿಡಲಿಲ್ಲ.

"ಆ ಹಾಳೇನ ಮಾರನೇ ದಿನಾನೇ ಒಲೆಗೆ ಹಾಕ್ಬಿಟ್ಟೆ ಅಮ್ಮ."

ಅಮ್ಮ ನನ್ನನ್ನು ನೋಡಿದಳು. "ನೀನೂನಾ?" ಎಂದಳು. ರಗ್ಗನ್ನು ಗಂಟಲವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.